ಬಸ್ಸು ಬಾರದ ನಿಲ್ದಾಣದಲ್ಲಿ ಸದಾಶಿವಪ್ಪ ಸರ್

ಕಳೆದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಭದ್ರಾವತಿಯ ಆ ಕಾಲೇಜಿಗೆ ಹೋಗಿದ್ದೆ. ಉತ್ತರಪತ್ರಿಕೆಗಳ ಬಂಡಲುಗಳನ್ನು ಇಡುವುದಕ್ಕೆ ಮಹಡಿಯ ಮೇಲಿನ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆಸಿದರು. ಬಾಗಿಲು ತೆರೆದದ್ದೇ ತಡ, ಬೂಷ್ಟು ಹಿಡಿದ ಏಸಿಯ ವಾಸನೆ, ಯುಪಿಎಸ್ ಬ್ಯಾಟರಿಗಳ ಹುಳಿ ವಾಸನೆ, ಮಳೆನೀರು ಕುಡಿದ ನೆಲಹಾಸಿನ ವಾಸನೆ ಎಲ್ಲ ಒಟ್ಟಿಗೆ ಬಂದು ಮುಖಕ್ಕೆ ಬಡಿಯಿತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಏನಾಯ್ತು ಮೇಡಂ, ಬಿಪಿನಾ? ಕೂತ್ಕೊಳ್ಳಿ" ಎಂದು ಆಫೀಸಿನ ಗುಮಾಸ್ತರು ಕುರ್ಚಿ ಎಳೆದರು.

"ಇಲ್ಲ, ಏನಿಲ್ಲ" ಅಂದೆ. ಏನಿಲ್ಲ ಅನ್ನುವುದು ನನಗೆ ಸುಲಭವಾಗಿ ಬರುವ ಮಾತು. ಆದರೆ ಒಂದು ಇಡೀ ವರ್ಷ ಆ ವಾಸನೆಯೊಳಗೆ ಕೂತಿತ್ತು.

ಆ ವರ್ಷ ನಾನು ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಪದಕ್ಕಿರುವ ಮರ್ಯಾದೆಯೆಲ್ಲ ಅದರ ಮುಂದೆ ಉಪನ್ಯಾಸಕಿ ಎಂದು ಸೇರಿಸಿದ ಕೂಡಲೇ ಹೋಗಿಬಿಡುತ್ತದೆ. ಪ್ರತಿ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ, ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡುತ್ತ ಕೂರಬೇಕು. ಕರೆದರೆ ಮತ್ತೆ ಅದೇ ಓಟ. ಶಿವಮೊಗ್ಗದ ರವೀಂದ್ರನಗರದ ಮನೆಯಲ್ಲಿ ಬೆಳಗಿನ ಕುಕ್ಕರ್ ಇಳಿಸಿ, ಮಗಳ ಡಬ್ಬಿ ಕಟ್ಟಿ, ಬಸ್ ಸ್ಟ್ಯಾಂಡಿಗೆ ಓಡಿ, ಭದ್ರಾವತಿಯ ಬಸ್ಸು ಹಿಡಿಯುವುದು. ಅಲ್ಲಿ ಮಧ್ಯಾಹ್ನದವರೆಗೆ ಪಾಠ. ಮತ್ತೆ ಅದೇ ದಾರಿಯಲ್ಲಿ ಶಿವಮೊಗ್ಗಕ್ಕೆ ಬಂದು ಇನ್ನೊಂದು ಕಾಲೇಜಿನಲ್ಲಿ ಸಂಜೆಯವರೆಗೆ ಪಾಠ. ಸೋಗಾನೆಯ ವಿಮಾನ ನಿಲ್ದಾಣದ ಕಡೆಗೆ ವಿಮಾನ ತೀರಾ ಕೆಳಗೆ ಬಂದಾಗ ಬಸ್ಸಿನವರೆಲ್ಲ ಕಿಟಕಿಗೆ ಬಗ್ಗಿ ನೋಡುತ್ತಿದ್ದರಂತೆ. ನಾನು ನೋಡಿದ್ದಿಲ್ಲ. ಮಾಚೇನಹಳ್ಳಿ ಬರುವ ಮೊದಲೇ ನನಗೆ ನಿದ್ದೆ ಹತ್ತಿರುತ್ತಿತ್ತು.

ಭದ್ರಾವತಿಯ ಈ ಕಾಲೇಜಿನಲ್ಲೇ ನಾನು ಓದಿದ್ದು. ಆಗ ನಮಗೆ ಇಂಗ್ಲಿಷ್ ಕಲಿಸುತ್ತಿದ್ದವರು ಸದಾಶಿವಪ್ಪ ಸರ್. ನಾನು ಅತಿಥಿಯಾಗಿ ಸೇರುವ ಹೊತ್ತಿಗೆ ಅವರು ವಿಭಾಗದ ಮುಖ್ಯಸ್ಥರು. ಹಳೇ ನಗರದ ಮನೆಯಿಂದ ಹೊಳೆಯ ಸೇತುವೆ ದಾಟಿ ನಡೆದೇ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ತೆಳುವಾಗಿ ವಿಭೂತಿ, ಜೇಬಿನಲ್ಲಿ ಕೆಂಪು ಪೆನ್ನು. ಒಂದೇ ಒಂದು ತಪ್ಪನ್ನೂ ಬಿಡುತ್ತಿರಲಿಲ್ಲ. ಅವರು ತಿದ್ದಿ ಕೊಟ್ಟ ಪುಟದಲ್ಲಿ ನಾವು ಬರೆದದ್ದಕ್ಕಿಂತ ಅವರು ಬರೆದದ್ದೇ ಹೆಚ್ಚು.

ನಾನು ಹೇಳುತ್ತಿರುವ ವರ್ಷಕ್ಕೆ ಒಂದು ವರ್ಷ ಮೊದಲು ಅವರ ಗಂಟಲಿಗೆ ಕ್ಯಾನ್ಸರ್ ಆಯಿತು. ಆಪರೇಷನ್, ಆಮೇಲೆ ರೇಡಿಯೇಷನ್ನಿನ ಕರೆಂಟು ಕೊಡಿಸುವುದು, ತಿಂಗಳುಗಟ್ಟಲೆ ರಜೆ. ರೋಗ ಹೋಯಿತು, ಜೊತೆಗೆ ಧ್ವನಿಯೂ ಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ ಹೊರಡುತ್ತಿತ್ತು. ಬಾಯಿಯ ಹತ್ತಿರ ಕಿವಿ ಕೊಟ್ಟರೆ ಒಂದೆರಡು ಪದ ಕೇಳುತ್ತಿತ್ತು. ಅದನ್ನೂ ಹೆಚ್ಚು ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಅವರನ್ನು ರಜೆಯ ಮೇಲೆ ಕಳಿಸಿಬಿಡುವ ಮನಸ್ಸು. ಸರ್ ಮಾತ್ರ ಕಾಲೇಜು ಶುರುವಾದ ದಿನ, ಜಡಿಮಳೆಯಲ್ಲಿ, ಎಂದಿನಂತೆ ಬಿಳಿ ಅಂಗಿ ತೊಟ್ಟು ಬಂದು ಹಾಜರಿ ಹಾಕಿ ತಮ್ಮ ಕುರ್ಚಿಯಲ್ಲಿ ಕೂತರು.

ಅದೇ ಹೊತ್ತಿಗೆ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂದಿತ್ತು. ಕೆಲವು ಕಾಲೇಜುಗಳಲ್ಲಿ ಎರಡನೇ ವರ್ಷದವರ ಇಂಗ್ಲಿಷ್ ಬರವಣಿಗೆಯ ಕೋರ್ಸನ್ನು ಕಂಪ್ಯೂಟರಿನೊಳಗಿನ ಒಂದು ಊರಿನಲ್ಲಿ ನಡೆಸಬೇಕು, ಇದು ಪ್ರಯೋಗ ಎಂದು. ಪ್ರಿನ್ಸಿಪಾಲರು ನನ್ನನ್ನು ಕರೆದರು.

"ಶೈಲಜಾ ಮೇಡಂ, ಅದ್ರಲ್ಲಿ ಎಲ್ಲಾ ಟೈಪ್ ಮಾಡೋದೇ ಅಂತೆ, ಮಾತಾಡೋದು ಏನೂ ಇಲ್ಲ. ಸದಾಶಿವಪ್ಪನೋರಿಗೆ ಅದನ್ನ ಕೊಟ್ಬಿಡೋಣ. ನೀವು ಜೊತೆಗಿರಿ."

"ಸರ್‌ಗೆ ಕಂಪ್ಯೂಟರ್ ಬರುತ್ತಾ?"

"ಬರಲ್ಲ. ಅದಕ್ಕೇ ನೀವಿರಿ ಅಂದಿದ್ದು" ಎಂದು ಅವರು ಕನ್ನಡಕ ಒರೆಸಿಕೊಂಡರು. "ನೋಡಿ, ಈ ಕ್ಲಾಸ್ ನಡೆದ್ರೆ ಅವ್ರು ವರ್ಷ ಮುಗಿಸ್ತಾರೆ. ನಡೀಲಿಲ್ಲಾಂದ್ರೆ ನಾನು ಸೆಕ್ರೆಟರಿಗೆ ಏನು ಹೇಳ್ಲಿ?"

ಹೀಗೆ ಆ ಹೊಣೆಯೂ ನನ್ನ ಹೆಗಲಿಗೆ ಬಂತು. ಸಂತೋಷವಾಗಲಿಲ್ಲ. ಇನ್ನೂ ಒಂದು ಕೆಲಸ ಎಂದಷ್ಟೇ ಅನಿಸಿತು.

ಊರು ಯಾವ ದೇಶದವರು ಮಾಡಿದ್ದೋ ಗೊತ್ತಿಲ್ಲ. ಒಂದು ಕಡೆ ಸಮುದ್ರ, ದೀಪಸ್ತಂಭ. ಹಿಮ ಕೂತ ಚಾವಣಿಗಳು, ಬ್ರೆಡ್ಡಿನ ಅಂಗಡಿ, ಲೈಬ್ರರಿ, ಒಂದು ಬಸ್ ನಿಲ್ದಾಣ. ಬಸ್ಸು ಮಾತ್ರ ಯಾವತ್ತೂ ಬರುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಆ ಊರಿನಲ್ಲಿ ಓಡಾಡುವ ಒಂದು ಆಕೃತಿ. ಅದಕ್ಕೆ ಅವತಾರ್ ಎಂದು ಹೆಸರಿದ್ದರೂ ಹುಡುಗರು ಗೊಂಬೆ ಎಂದೇ ಕರೆದರು. ಗೊಂಬೆಯನ್ನು ನಡೆಸಿಕೊಂಡು ಹೋಗಿ ಇನ್ನೊಂದು ಗೊಂಬೆಯ ಹತ್ತಿರ ನಿಂತು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅದು ತಲೆಯ ಮೇಲೆ ಗುಳ್ಳೆಯಂತೆ ಕಾಣುತ್ತಿತ್ತು. ದಾರಿ ಹೇಳುವುದು, ಅಂಗಡಿಯವನಿಗೆ ದೂರು ಬರೆಯುವುದು, ಕಂಡದ್ದನ್ನು ವರ್ಣಿಸುವುದು, ಎಲ್ಲ ಅಲ್ಲೇ.

ಮೊದಲ ವಾರಗಳನ್ನು ನೆನೆದರೆ ಈಗಲೂ ಸುಸ್ತಾಗುತ್ತದೆ. ಪಾಸ್‌ವರ್ಡ್ ಮರೆಯುವವರು, ಕರೆಂಟು ಹೋಗುವುದು, ನೆಟ್ ಹೋಗುವುದು. ಇವೆಲ್ಲ ಸರಿಯಾದ ದಿನ ಹುಡುಗರು ಗೊಂಬೆಗಳನ್ನು ಚಾವಣಿ ಹತ್ತಿಸಿ ಕುಣಿಸುವುದು. ಸದಾಶಿವಪ್ಪ ಸರ್ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಎರಡು ತೋರುಬೆರಳುಗಳಲ್ಲಿ ಕೀಲಿಗಳನ್ನು ಒಂದೊಂದಾಗಿ ಹುಡುಕಿ ಒತ್ತುತ್ತಿದ್ದರು. ಅವರ ಗೊಂಬೆ ಗೋಡೆಗೆ ಮುಖ ಮಾಡಿ ನಡೆಯುತ್ತಲೇ ಇರುತ್ತಿತ್ತು. ಒಮ್ಮೆ ಸಮುದ್ರಕ್ಕೆ ಬಿತ್ತು. ಆಗ ಇಡೀ ಲ್ಯಾಬು ನಕ್ಕಿತು. ಹಿಂದಿನ ಸಾಲಿನಿಂದ ಕಿರಣ ಎಂಬ ಹುಡುಗ, "ಮಾರಾಯಾ, ಯಾರಾದ್ರೂ ಸರ್‌ನ ಎತ್ರೋ!" ಎಂದು ಕೂಗಿದ. ನಾನು ಹೆದರಿ ಸರ್ ಕಡೆ ನೋಡಿದೆ. ನಮ್ಮ ಕಾಲದಲ್ಲಾಗಿದ್ದರೆ ಆ ಹುಡುಗ ಆ ಕ್ಷಣವೇ ಕಾರಿಡಾರಿನಲ್ಲಿರುತ್ತಿದ್ದ. ಈ ಹುಡುಗರಿಗೆ ಆ ಹೆದರಿಕೆಯೇ ಇರಲಿಲ್ಲ. ಅವರು ಮೊದಲ ವರ್ಷಕ್ಕೆ ಸೇರಿದಾಗ ಸರ್ ರಜೆಯಲ್ಲಿದ್ದರು. ಅವರ ಧ್ವನಿಯನ್ನು ಇವರು ಕೇಳಿಯೇ ಇರಲಿಲ್ಲ.

ಕೊನೆಗೆ ಸರ್ ತಮ್ಮ ಗೊಂಬೆಯನ್ನು ಹೇಗೋ ಬಸ್ ನಿಲ್ದಾಣದೊಳಗೆ ನಿಲ್ಲಿಸಿ ಅಲ್ಲಿಂದ ಅಲ್ಲಾಡುವುದನ್ನೇ ಬಿಟ್ಟರು. ಹುಡುಗರು ಊರೆಲ್ಲ ಓಡುತ್ತಿದ್ದರೆ ಅವರು ಅಲ್ಲಿ ನಿಂತೇ ಇರುವರು. ಹೀಗೆ ಎಷ್ಟೋ ತರಗತಿಗಳು ಕಳೆದ ಮೇಲೆ ಸೆಲ್ವಿ ಎಂಬ ಹುಡುಗಿಯ ಗೊಂಬೆ ಅಲ್ಲಿಗೆ ಬಂತು. ಅವಳ ಅಪ್ಪ ಭದ್ರಾವತಿಯಲ್ಲಿ ಆಟೋ ಓಡಿಸುತ್ತಿದ್ದರು. ಮನೆಯಲ್ಲಿ ತಮಿಳು, ಓದಿದ್ದು ಕನ್ನಡ ಶಾಲೆಯಲ್ಲಿ. ತರಗತಿಯಲ್ಲಿ ಹಾಜರಿಗೆ ಎಸ್ ಮೇಡಂ ಅನ್ನುವುದನ್ನು ಬಿಟ್ಟರೆ ಅವಳ ಬಾಯಿಂದ ಒಂದು ಮಾತು ಬಂದದ್ದಿಲ್ಲ.

"ಸರ್, ವೈ ಯು ಆರ್ ಸ್ಟ್ಯಾಂಡಿಂಗ್ ಹಿಯರ್?" ಎಂದು ಅವಳ ಗುಳ್ಳೆ ಕೇಳಿತು.

ನಾನು ಸರ್ ಹಿಂದೆಯೇ ನಿಂತಿದ್ದೆ. ಆ ವಾಕ್ಯದ ಪದಗಳ ಕ್ರಮ ತಪ್ಪು ಎಂದು ಅವರು ಬರೆಯುತ್ತಾರೆ, ಈ ಹುಡುಗಿಯ ಕತೆ ಮುಗಿಯಿತು ಅಂದುಕೊಂಡೆ. ಅವರ ಬೆರಳು ತಿದ್ದುಪಡಿಗೇ ಹೊರಟಿತ್ತು. ಮೊದಲ ಅಕ್ಷರ ಹುಡುಕಿ, ಎರಡನೆಯದನ್ನು ಹುಡುಕುತ್ತಿರುವಾಗ ಅವರು ನಿಂತು ನಿಟ್ಟುಸಿರು ಬಿಟ್ಟರು. ವ್ಯಾಕರಣವನ್ನೆಲ್ಲ ಆ ಎರಡು ಬೆರಳುಗಳಲ್ಲಿ ಬರೆಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಬರೆದದ್ದನ್ನು ಅಳಿಸಿ, "ಬಸ್ಸಿಗೆ" ಎಂಬ ಅರ್ಥದ ಎರಡು ಪದ ಟೈಪ್ ಮಾಡಿದರು.

ಬಸ್ಸು ಬರುವುದಿಲ್ಲ ಸರ್ ಎಂದಳು ಸೆಲ್ವಿ.

ಹೇಗೆ ಗೊತ್ತು ಎಂದರು ಸರ್.

ಅವಳು ಬರೆಯತೊಡಗಿದಳು. ಊರಿನ ರಸ್ತೆಗಳನ್ನೆಲ್ಲ ಸುತ್ತಿ ನೋಡಿದ್ದೇನೆ, ಎಲ್ಲೂ ಟೈರಿನ ಗುರುತಿಲ್ಲ, ನಿಲ್ದಾಣದ ಬೆಂಚು ಹೊಸದಾಗಿದೆ, ಯಾರೂ ಕಾದು ಕೂತು ಸವೆದಿಲ್ಲ ಎಂದು. ತಪ್ಪು ತಪ್ಪಾಗಿ ಎಂಟು ಹತ್ತು ಸಾಲು. ಸರ್ ಓದಿ, "ಆಮೇಲೆ?" ಎಂದಷ್ಟೇ ಕೇಳಿದರು. ಅವಳು ಇನ್ನೂ ಬರೆದಳು.

ಅಂದಿನಿಂದ ಅವರ ಪಾಠವೆಂದರೆ ಅದೇ. ಆಮೇಲೆ? ಯಾಕೆ? ಯಾವ ಬಣ್ಣ? ಅಷ್ಟೇನಾ? ಟೈಪಿಂಗ್ ಬಾರದ ಕಾರಣಕ್ಕೆ ಹುಟ್ಟಿದ ಗಿಡ್ಡ ಪ್ರಶ್ನೆಗಳು. ಹುಡುಗರು ಅದಕ್ಕೆ ಸಿಕ್ಕಿಬಿದ್ದರು. ದೀಪಸ್ತಂಭದ ತುದಿ ಹತ್ತಿ ಕುಣಿಯುತ್ತಿದ್ದ ಕಿರಣನಿಗೆ, ಅಲ್ಲಿಂದ ಏನು ಕಾಣುತ್ತದೆ ಎಂದು ಕೇಳಿದರು. ಸಮುದ್ರ ಎಂದ. ಬಣ್ಣ? ನೀಲಿ. ಅಷ್ಟೇನಾ? ಅವನು ತಲೆ ಕೆರೆದುಕೊಂಡು ಮತ್ತೆ ಹತ್ತಿ ನೋಡಿ ಬಂದು, ದಡದ ಹತ್ತಿರ ತಮ್ಮೂರ ನಾಲೆಯ ನೀರಿನ ಬಣ್ಣ, ದೂರದಲ್ಲಿ ಹೊಸ ಕಬ್ಬಿಣದ ಬಣ್ಣ ಎಂದು ಬರೆದ. ಸೆಲ್ವಿ ಹಿಮದ ಬಗ್ಗೆ ಬರೆದಳು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಜೋರಾಗಿದ್ದ ಕಾಲದಲ್ಲಿ ಒಣಹಾಕಿದ ಬಟ್ಟೆಯ ಮೇಲೆಲ್ಲ ಬೂದಿ ಬೀಳುತ್ತಿತ್ತೆಂದು ಅವಳ ಅಜ್ಜಿ ಹೇಳುತ್ತಿದ್ದರಂತೆ. ಹಿಮವೂ ಅಂಥದ್ದೇ, ಆದರೆ ಇಲ್ಲಿ ಯಾರೂ ಬಟ್ಟೆ ಕೊಡವುತ್ತಿಲ್ಲ ಎಂದು. ಆ ಪುಟವನ್ನು ಸರ್ ಮುದ್ರಿಸಿಕೊಂಡು ಮನೆಗೆ ಒಯ್ದರು. ಮರುದಿನ ನೋಡಿದೆ, ಒಂದೂ ಕೆಂಪು ಗೆರೆ ಇರಲಿಲ್ಲ.

ಇದೆಲ್ಲ ನನಗೆ ಆಗ ಹೀಗೆ ಚಂದವಾಗಿ ಕಾಣುತ್ತಿತ್ತು ಅಂದುಕೊಳ್ಳಬೇಡಿ. ನನ್ನ ಗೊಂಬೆ ಲೈಬ್ರರಿಯ ಮೆಟ್ಟಿಲ ಮೇಲೆ ಸುಮ್ಮನೆ ನಿಂತಿರುತ್ತಿತ್ತು. ನಾನು ಹಾಜರಿ ತೆಗೆಯುತ್ತಿದ್ದೆ, ಪಾಸ್‌ವರ್ಡ್ ಬದಲಿಸುತ್ತಿದ್ದೆ, ವರದಿ ಕಳಿಸುತ್ತಿದ್ದೆ, ಮತ್ತೆ ಮಧ್ಯಾಹ್ನದ ಬಸ್ಸಿಗೆ ಓಡುತ್ತಿದ್ದೆ. ಆ ಊರಿನಲ್ಲಿ ನಾನು ಒಂದು ವಾಕ್ಯವನ್ನೂ ಬರೆದಿರಲಿಲ್ಲ. ಹೊರಗೂ ಅಷ್ಟೇ. ಪ್ರಶ್ನೆಪತ್ರಿಕೆ ಬಿಟ್ಟರೆ ನಾನು ಬರೆದು ವರ್ಷಗಳಾಗಿದ್ದವು.

ಶ್ರಾವಣದ ಒಂದು ದಿನ ಕಾರ್ಯದರ್ಶಿ ಇಬ್ಬರನ್ನು ಕರೆದುಕೊಂಡು ಲ್ಯಾಬಿಗೆ ಬಂದರು. ಹೊರಗೆ ಮಳೆ, ಕರೆಂಟಿಲ್ಲ, ಬ್ಯಾಟರಿಗಳು ಕೀಂಯ್ ಅನ್ನುತ್ತಿದ್ದವು. "ಏನ್ರೀ ಮೇಡಂ ಇದು, ಪಾಠ ಬಿಟ್ಟು ಗೇಮ್ ಆಡ್ತಾ ಕೂತಿದಾರೆ ಅಂತ ಪೇರೆಂಟ್ಸ್ ಫೋನ್ ಮಾಡ್ತಾರೆ" ಎಂದರು. ಆಮೇಲೆ ಸರ್ ಹತ್ತಿರ ಹೋಗಿ, ಧ್ವನಿ ಹೋದವರಿಗೆ ಕಿವಿಯೂ ಹೋಗಿದೆ ಎಂಬಂತೆ ಜೋರಾಗಿ, "ಹೇಗಿದೀರಿ ಮೇಷ್ಟ್ರೇ? ರೆಸ್ಟ್ ತಗೋಬಾರ್ದಾ?" ಎಂದರು. ಸರ್ ಎದ್ದು ನಿಂತು ಕೈ ಮುಗಿದರು, ಕೂತರು. ಕಾರ್ಯದರ್ಶಿ ಪಕ್ಕದಲ್ಲಿದ್ದ ಸೆಲ್ವಿಗೆ, "ಏನಮ್ಮಾ, ಇಂಗ್ಲಿಷಲ್ಲಿ ಏನು ಕಲ್ತಿದೀಯ, ಒಂದೆರಡು ಮಾತು ಹೇಳು" ಎಂದರು. ಸೆಲ್ವಿ ಎದ್ದು ನಿಂತಳು. ಕತ್ತು ಕೆಂಪಾಯಿತು. ಒಂದು ಪದ ಬರಲಿಲ್ಲ.

"ನೋಡಿದ್ರಾ?" ಎಂದರು ಕಾರ್ಯದರ್ಶಿ, ನನಗೆ.

"ಇವರು ಬರೆದಿದ್ದನ್ನ ನೋಡಿ ಸರ್, ಒಂದು ಸಲ" ಎಂದು ನಾನು ಪರದೆ ತೋರಿಸಿದೆ. ಯಾಕೆ ಹಾಗೆ ಅಂದೆನೋ. ಎದುರು ಮಾತಾಡುವ ಅಭ್ಯಾಸ ನನಗಿಲ್ಲ.

"ಪ್ರಿಂಟ್ ತೆಗೆಸಿ ಕಳ್ಸಿ" ಎಂದು ಹೊರಟುಹೋದರು. ನಾನು ಇಡೀ ಕಟ್ಟು ಮುದ್ರಿಸಿ ಕಳಿಸಿದೆ. ಓದಿದರೋ ಇಲ್ಲವೋ ತಿಳಿಯಲಿಲ್ಲ. ಆದರೆ ರಜೆಯ ಮಾತು ಮತ್ತೆ ಬರಲಿಲ್ಲ, ಸರ್ ಉಳಿದರು. ಸೆಲ್ವಿ ಮಾತ್ರ ಒಂದು ವಾರ ತರಗತಿಗೆ ಬರಲಿಲ್ಲ. ಬಂದ ದಿನ ಅವಳ ಗೊಂಬೆ ನೇರ ಬಸ್ ನಿಲ್ದಾಣಕ್ಕೆ ಹೋಗಿ, ಸರ್ ಗೊಂಬೆಯ ಪಕ್ಕದಲ್ಲಿ ಏನೂ ಬರೆಯದೆ ಗಂಟೆ ಹೊಡೆಯುವವರೆಗೂ ನಿಂತಿತ್ತು. ಸರ್ ಕೂಡ ಏನೂ ಕೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಸುತ್ತೋಲೆ ಬಂತು. ಪ್ರಯೋಗ ಮುಂದುವರಿಯುವುದಿಲ್ಲ, ಕೋರ್ಸು ಮುಗಿಯುವ ವಾರದ ಶುಕ್ರವಾರ ಸಂಜೆ ಆ ಊರನ್ನು ಮುಚ್ಚಲಾಗುತ್ತದೆ ಎಂದು. ಪರೀಕ್ಷೆ ಎಂದಿನಂತೆ ಕಾಗದದ ಮೇಲೆ: ಸಂಪಾದಕರಿಗೆ ಒಂದು ಪತ್ರ ಬರೆಯಿರಿ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇನ್ನು ಪಾಸ್‌ವರ್ಡಿನ ತಲೆನೋವು ತಪ್ಪಿತು ಅಂದುಕೊಂಡೆ.

ಆ ಶುಕ್ರವಾರ ನನ್ನ ಶಿವಮೊಗ್ಗದ ತರಗತಿಗೆ ರಜೆ ಹಾಕಿ ಉಳಿದುಕೊಂಡೆ. ಬಿಸಿಲು ಆಗಲೇ ಏರಿತ್ತು, ಏಸಿ ಕೆಟ್ಟಿತ್ತು. ಹುಡುಗರೆಲ್ಲ ಬಂದಿದ್ದರು. ಯಾರೂ ಚಾವಣಿ ಹತ್ತಲಿಲ್ಲ. ಗೊಂಬೆಗಳೆಲ್ಲ ಬಸ್ ನಿಲ್ದಾಣದ ಸುತ್ತ ನೆರೆದವು. ನನ್ನದನ್ನೂ ಲೈಬ್ರರಿಯ ಮೆಟ್ಟಿಲಿಂದ ಇಳಿಸಿಕೊಂಡು ಅಲ್ಲಿಗೆ ನಡೆಸಿದೆ. ಸರ್ ಟೈಪ್ ಮಾಡಿದರು: ಇವತ್ತು ನೀವು ಕೇಳಿ.

ಸೆಲ್ವಿ ಬರೆದಳು: ಸರ್, ನಿಮ್ಮ ಧ್ವನಿ ಹೇಗಿತ್ತು?

ಸರ್ ಎಂದಿನಂತೆ ಕೀಲಿಗಳನ್ನು ಒಂದೊಂದಾಗಿ ಹುಡುಕಿ ಒತ್ತಿದರು. ಕೊನೆಗೆ ಅವರ ಗುಳ್ಳೆ ಎದ್ದಿತು: ನನಗೆ ಮರೆತಿದೆ. ಮೇಡಂ ಅವರನ್ನು ಕೇಳಿ. ಅವರು ನನ್ನ ವಿದ್ಯಾರ್ಥಿನಿ.

ಗೊಂಬೆಗಳೆಲ್ಲ ನನ್ನ ಕಡೆ ತಿರುಗಿದವು.

ಏನಿಲ್ಲ ಎಂದು ತಪ್ಪಿಸಿಕೊಳ್ಳುವಂತಿರಲಿಲ್ಲ. ಬರೆದೆ. ದೊಡ್ಡ ಧ್ವನಿ. ಅವರು ಹಾಜರಿ ಕೂಗಿದಾಗ ಕಿಟಕಿಯಾಚೆಯ ಮರದಿಂದ ಕಾಗೆಗಳು ಏಳುತ್ತಿದ್ದವು. ಸೈಕಲ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಇಷ್ಟು ಬರೆದು ನಿಲ್ಲಿಸಿದೆ. ಸಾಕು ಅನಿಸಿತು.

ಕಿರಣನ ಗುಳ್ಳೆ ಎದ್ದಿತು: ಆಮೇಲೆ, ಮೇಡಂ?

ಅಷ್ಟೇನಾ ಎಂದಳು ಸೆಲ್ವಿ.

ನಾನು ಸರ್ ಕಡೆ ನೋಡಿದೆ. ಅವರ ಬೆನ್ನು ನನ್ನ ಕಡೆಗಿತ್ತು. ಆಗ ನಾನು ಯಾರಿಗೂ ಹೇಳದೇ ಇದ್ದದ್ದನ್ನು ಬರೆದೆ. ನಾನು ಹೊಳೆಹೊನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಒಂದು ದಿನ ಎದ್ದು ನಿಂತು ಪಾಠ ಓದುವಾಗ ಐಲ್ಯಾಂಡ್ ಎಂಬುದನ್ನು ಇಸ್‌ಲ್ಯಾಂಡ್ ಎಂದು ಓದಿದೆ. ಆ ಎಸ್ ಎಲ್ಲಿಂದ ಬಂತಮ್ಮಾ, ಹೊಳೆಹೊನ್ನೂರಿಂದ ತಂದ್ಯಾ ಎಂದು ಆ ಧ್ವನಿ ಕೇಳಿತು. ಎಲ್ಲರೂ ನಕ್ಕರು. ಆ ವರ್ಷ ನಾನು ಮತ್ತೆ ಬಾಯಿ ಬಿಡಲಿಲ್ಲ. ಆ ಧ್ವನಿ ಕಾರಿಡಾರಿನಲ್ಲಿ ಕೇಳಿದರೆ ಬೇರೆ ಮೆಟ್ಟಿಲಿನಿಂದ ಇಳಿಯುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ನಮ್ಮೂರ ಸಂತೆಯ ಬಗ್ಗೆ ಒಂದು ಪ್ರಬಂಧ ಬರೆದುಕೊಟ್ಟೆ. ಅದನ್ನು ಅವರು ತರಗತಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ನನ್ನ ಮಾತುಗಳು ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು. ಮೇಷ್ಟ್ರಾಗಬೇಕು ಎಂದು ಅನಿಸಿದ್ದು ಆವತ್ತು. ಹೆದರಿಸಿದ್ದೂ ಅದೇ ಧ್ವನಿ, ಇದೂ ಅದೇ ಧ್ವನಿ. ಅದು ಹೇಗಿತ್ತು ಎಂದು ಕೇಳಿದರೆ ನನಗೆ ಇವತ್ತಿಗೂ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ.

ಯಾವ ಗೊಂಬೆಯೂ ಅಲ್ಲಾಡಲಿಲ್ಲ. ಆಮೇಲೆ ಸರ್ ಗುಳ್ಳೆ ಎದ್ದಿತು: ಸಂತೆಯ ಪ್ರಬಂಧ ನೆನಪಿದೆ. ಐಲ್ಯಾಂಡ್ ನೆನಪಿಲ್ಲ.

ಅದರ ಕೆಳಗೆ ಇನ್ನೇನೋ ಬರೆಯುತ್ತಿದ್ದಾರೆ ಎಂದು ತೋರಿಸುವ ಚುಕ್ಕೆಗಳು ಮಿನುಗುತ್ತಿದ್ದವು. ಮಿನುಗುತ್ತಿದ್ದಂತೆಯೇ ಸಮುದ್ರ ಬೂದಿಬಣ್ಣಕ್ಕೆ ತಿರುಗಿತು. ನಿಲ್ದಾಣ, ಗೊಂಬೆಗಳು, ಗುಳ್ಳೆಗಳು ಎಲ್ಲ ಹೋಗಿ ಪರದೆಗಳು ಖಾಲಿಯಾದವು.

ಹುಡುಗರು ಒಬ್ಬೊಬ್ಬರೇ ಎದ್ದರು. ಸೆಲ್ವಿ ಬಾಗಿಲಲ್ಲಿ ನಿಂತು, "ಬರ್ತೀನಿ ಸರ್, ಬರ್ತೀನಿ ಮೇಡಂ" ಎಂದು ಹೋದಳು. ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಸಾಧಾರಣ ಅಂಕ. ಸಂಪಾದಕರಿಗೆ ಪತ್ರ ಅವಳಿಗೆ ಒಲಿಯಲಿಲ್ಲ. ಸರ್ ಮೇ ಕೊನೆಗೆ ಹೂವಿನ ಹಾರ ಹಾಕಿಸಿಕೊಂಡು ನಿವೃತ್ತರಾದರು.

ಆ ಶುಕ್ರವಾರ ಎಲ್ಲರೂ ಹೋದ ಮೇಲೆ ಅವರು ಮೂಲೆಯಿಂದ ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಬಗ್ಗಿ ಕಿವಿಯ ಹತ್ತಿರ, ಗಾಳಿಯಂಥ ದನಿಯಲ್ಲಿ ಕೇಳಿದರು.

"ಆಮೇಲೆ ಕ್ಲಾಸಲ್ಲಿ ಓದ್ಲೇ ಇಲ್ವಾ? ಗಟ್ಟಿಯಾಗಿ?"

"ಇಲ್ಲ ಸರ್."

ಅವರು ತಲೆಯಾಡಿಸಿದರು. ಖಾಲಿ ಪರದೆಯನ್ನು ನೋಡುತ್ತ ಕೂತರು. ಕಣ್ಣು ತೇವವಾಗಿತ್ತು, ಗಂಟಲ ಉರಿಗೋ ಬೇರೆ ಯಾತಕ್ಕೋ ಹೇಳಲಾರೆ. ಆಮೇಲೆ ಮತ್ತೆ ಬಗ್ಗಿದರು.

"ಎರಡನೇ ವಾಕ್ಯ" ಎಂದರು. "ಕಾಗೆಗಳಿಗೆ ಮುಂಚೆ ಒಂದು ಕಾಮಾ ಬಿಟ್ಟಿದೀಯ."

ನಾನು ಸಹೋದ್ಯೋಗಿಯಾದ ಮೇಲೆ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಹಾಕ್ತೀನಿ ಸರ್" ಅಂದೆ. ಎಲ್ಲಿ ಹಾಕುವುದು, ಆ ಪುಟವೇ ಇರಲಿಲ್ಲ.

ಶಿವಮೊಗ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಣ್ಣು ಎಳೆಯುತ್ತಿತ್ತು, ಆದರೆ ಮಲಗಲಿಲ್ಲ. ಮೊಬೈಲ್ ತೆಗೆದು ಮೊದಲಿನಿಂದ ಬರೆಯತೊಡಗಿದೆ. ದೊಡ್ಡ ಧ್ವನಿ. ಅವರು ಹಾಜರಿ ಕೂಗಿದಾಗ ಎಂದು ಬರೆದು ಕಾಮಾ ಹಾಕಿದೆ. ಅಲ್ಲಿಂದ ಮುಂದೆ ಬೇರೆ ಬೇರೆ ಸಂಗತಿಗಳು ಬರತೊಡಗಿದವು: ಆ ಮರ, ಒದ್ದೆ ಕೊಡೆಗಳ ಸಾಲು, ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯ ಬಳೆಯ ಸದ್ದು. ಕಂಡಕ್ಟರ್ ಹತ್ತಿರ ಬಂದು, "ಮೇಡಂ, ಸ್ಟ್ಯಾಂಡ್ ಬಂತು, ಇಳೀರಿ" ಅಂದಾಗ ಬಸ್ಸಿನಲ್ಲಿ ನಾನೊಬ್ಬಳೇ ಉಳಿದಿದ್ದೆ. ನನ್ನ ವಾಕ್ಯದಲ್ಲಿ ಕಾಗೆಗಳು ಇನ್ನೂ ಎದ್ದಿರಲಿಲ್ಲ.